ತವರಿನ ಹೆಪ್ಪು

“ಹೊಟ್ಟಿನೋವು ಯಾರಿಗೆ ಬರೂದಿಲ್ರೀ? ನಾವೇನು ಹಾಸಿಗಿ ಹಿಡದಿದ್ವಿ?” ಸೊಸೆ ಅಂಜನಾಳ ಹೊಟ್ಟೆಯ ಆಪರೇಷನ್ ಆದ ಮರುದಿನವೂ, ಜಮಖಂಡಿಯ ಆಸ್ಪತ್ರೆಯಲ್ಲಿ ಡಾಕ್ಟರ್ ರಾಧಿಕಾ ಎದುರಿಗೇ, ಸಾತವ್ವ ಅವಳನ್ನು ಹಂಗಿಸುವುದನ್ನು ಬಿಡಲಿಲ್ಲ. ಮುಟ್ಟು ಬಂತೆಂದರೆ ಅಂಜನಾ ಮುದುಡಿ ಬಿದ್ದುಬಿಡುತ್ತಿದ್ದಳು. ಪಾಠ ಹೇಳುವ ಶಾಲೆಗೆ ರಜೆ ಹಾಕುತ್ತಿದ್ದಳು. ಸಾವಳಗಿಯ ಮನೆಯಲ್ಲಿ ಅದಕ್ಕೆ ಇದ್ದ ಹೆಸರು ಒಂದೇ: ನಖರಾ.

“ನಖರಾ ಅಲ್ರಿ ಆಯಿ. ಗರ್ಭಚೀಲದ ಒಳಪದರದಂಥಾದ್ದು ಹೊರಗ ಬೆಳದು ಕರುಳಿಗೆ ಅಂಟಿತ್ತು. ಎಂಡೊಮೆಟ್ರಿಯೋಸಿಸ್ ಅಂತಾರ.”

“ಯಾಕ ಬರತೈತ್ರಿ ಅದು?”

“ಪೂರ್ತಿ ಯಾರಿಗೂ ಗೊತ್ತಿಲ್ಲ. ಕರುಳಾಗಿರೋ ಸಣ್ಣ ಸಣ್ಣ ಜೀವಿಗಳಿಗೂ ಈ ಬ್ಯಾನಿಗೂ ಏನರ ಸಂಬಂಧ ಐತೇನು ಅಂತ ಈಗ ಹುಡುಕಾಕತ್ತಾರ.”

“ಜೀವಿ ಅಂದ್ರ, ಹುಳಾ?” ಸಾತವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಡಾಕ್ಟರು ನಕ್ಕು, ಸಾತವ್ವ ತಂದಿದ್ದ ಊಟದ ಡಬ್ಬಿಯಿಂದ ಒಂದು ತೊಟ್ಟು ಮೊಸರು ತೆಗೆದುಕೊಂಡರು. ಪಕ್ಕದ ಲ್ಯಾಬಿನಲ್ಲಿ ಅದನ್ನು ಗಾಜಿಗೆ ಸವರಿ, ನೀಲಿ ಬಣ್ಣ ಹಾಕಿ, ಮುದುಕಿಯನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಸಾತವ್ವ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮಣಿಸರ ಹರಿದು ಚೆಲ್ಲಿದಂತೆ ಎಲ್ಲಿ ನೋಡಿದರೂ ಪುಟ್ಟ ಗುಂಡುಗಳು, ಪುಟ್ಟ ಕಡ್ಡಿಗಳು. ತವರಿನಿಂದ ತಂದ ಹೆಪ್ಪು ಅದು. ಮದುವೆಯಾದಾಗಿನಿಂದ ಒಂದು ದಿನವೂ ತಪ್ಪಿಸದೆ ಹಾಲಿಗೆ ಹಾಕಿಕೊಂಡು ಬಂದಿದ್ದಳು. ಅದರೊಳಗೆ ಇಷ್ಟು ದೊಡ್ಡ ಸಂಸಾರ ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಇವಕ್ಕ ಜೀವ ಐತೇನ್ರಿ?”

“ಬಣ್ಣ ಹಾಕೂತನಕ ಇತ್ತು. ಡಬ್ಬಿಯಾಗಿನವಕ್ಕ ಈಗೂ ಐತಿ. ನಿಮ್ಮ ಹೊಟ್ಟ್ಯಾಗ, ಅಂಜನಾನ ಹೊಟ್ಟ್ಯಾಗ ಬ್ಯಾರೆ ಬ್ಯಾರೆ ನಮೂನಿವು ಕೋಟಿಗಟ್ಟಲೆ ಅದಾವ.”

ಸಾತವ್ವ ಮತ್ತೊಮ್ಮೆ ಬಗ್ಗಿ ನೋಡಿದಳು. ತಲೆ ಎತ್ತಿದಾಗ ದನಿ ಇಳಿದಿತ್ತು. “ಮುಟ್ಟಾದಾಕಿ ಕೈ ಹಚ್ಚಿದ್ರ ಇವು ಸಾಯ್ತಾವೇನ್ರಿ?”

“ಇಲ್ರಿ ಆಯಿ. ಕೈ ತೊಳಕೊಂಡ್ರ ಸಾಕು.”

ಮುಂದಿನ ತಿಂಗಳು ಅಂಜನಾ ಎಂದಿನಂತೆ ಅಡುಗೆಮನೆಯಿಂದ ದೂರ, ಪಡಸಾಲೆಯ ಮೂಲೆಯಲ್ಲಿ ಹೊಟ್ಟೆ ಹಿಡಿದು ಕುಳಿತಿದ್ದಳು. ನೋವು ಮೊದಲಿನಷ್ಟಿರಲಿಲ್ಲ, ಆದರೂ ಇತ್ತು. ಸಾತವ್ವ ಉಗುರುಬೆಚ್ಚಗಿನ ಹಾಲಿನ ಗಡಿಗೆಯನ್ನೂ ಹೆಪ್ಪಿನ ಬಟ್ಟಲನ್ನೂ ತಂದು ಅವಳ ಮುಂದಿಟ್ಟಳು.

“ಅತ್ತಿ, ನಾ ಇವತ್ತ ಮುಟ್ಟಂಗಿಲ್ಲಲ್ರಿ! ಮೊಸರು ಕೆಡತೈತಿ ಅಂತ ನೀವ ಅಂತಿದ್ರಿ.”

“ಅಂತಿದ್ದೆ. ಕಾಣಲಿಲ್ಲ ಅಂದ್ರ ಇಲ್ಲ ಅಂತ ತಿಳದಿದ್ದೆ. ಮೊಸರಾಗಿನ ಜೀವಾ ಕಾಣಲಿಲ್ಲ, ನಿನ್ನ ಬ್ಯಾನೀನೂ ಹಂಗ. ಕೈ ತೊಳಕೊಂಡು ಹಾಕು.”

ಬೆಳಿಗ್ಗೆ ಗಡಿಗೆ ಓರೆ ಮಾಡಿದರೂ ಮೊಸರು ಅಲುಗಲಿಲ್ಲ. ಸಾತವ್ವ ಅದಕ್ಕೆ ಕೈಮುಗಿದಳು. ಆಮೇಲೆ, ಸೊಸೆಗೆ ಇನ್ನೂ ನಿದ್ದೆ ಎಂದುಕೊಂಡು, ಕಾಣದ ಕೋಟಿ ಜೀವಿಗಳಿರುವ ಅವಳ ಹೊಟ್ಟೆಯ ಕಡೆಗೂ.