ಏಸಿಯ ಪಾಲಿನ ನೀರು

ನಡುರಾತ್ರಿ ಬಾಲ್ಕನಿಯಲ್ಲಿ ಸುಯ್ ಎಂಬ ಸದ್ದು ಕೇಳಿ ಶಶಿರೇಖಾಗೆ ಎಚ್ಚರವಾಯಿತು. ಕಲಬುರಗಿಯಲ್ಲಿ ಆಗ ಮನುಷ್ಯರಿಗೆ ದಿನಕ್ಕೆ ಎರಡು ಲೀಟರ್ ನೀರು, ಏಸಿಗೆ ಆರು. ಅದನ್ನು ನಳಿಕೆಯಿಂದ ಏಸಿಯ ಹೊರಪೆಟ್ಟಿಗೆಗೆ ಮಂಜಿನಂತೆ ಸಿಂಪಡಿಸಿ ಕರೆಂಟು ಉಳಿಸಬೇಕಿತ್ತು. ಉಳಿಸದವರ ಏಸಿಯನ್ನು ಕಿತ್ತೊಯ್ಯುತ್ತಿದ್ದರು. ಇವರ ಮನೆಯಲ್ಲಿ ಎರಡು ತಿಂಗಳಿಂದ ಕರೆಂಟು ಉಳಿದಿರಲಿಲ್ಲ; ಏಕೆಂದು ಶಶಿರೇಖಾಗೆ ತಿಳಿದಿರಲಿಲ್ಲ.

ಹೋಗಿ ನೋಡಿದರೆ ಅತ್ತೆ ನೀಲಗಂಗಮ್ಮ ನಳಿಕೆಯನ್ನು ತಮ್ಮತ್ತ ತಿರುಗಿಸಿಕೊಂಡು, ತಲೆಗೆ ಸೀಗೆಪುಡಿ ತಿಕ್ಕುತ್ತಿದ್ದರು.

"ಅತ್ತಿ, ನಾಳೆ ತಪಾಸಣಿ ಅದ! ಏಸಿ ಹೋದ್ರ ಕೂಸಿನ ಗತಿ ಏನ್ರಿ?"

"ಮಿಷಿನ್‌ಗೆ ದಿನಾ ಜಳಕ, ನನಗ ಅಮಾಸಿಗೂ ತಲಿ ಎರಕೊಳ್ಳಾಕ ನೀರಿಲ್ಲ. ಯಾವ ನ್ಯಾಯ ಇದು? ಬಾ, ಬೆನ್ನ ತಿಕ್ಕು."

ನೀರಿನ ಉಪ್ಪು ಕಟ್ಟಿ ನಳಿಕೆ ಮುಚ್ಚಿಹೋಗಿತ್ತು ಎಂದು ನೆಪ ಹೇಳಿದರೆ ತಪಾಸಣೆಯವರು ಏಸಿ ಒಯ್ಯದೆ ಒಂದು ತಿಂಗಳ ಗಡುವು ಕೊಡುತ್ತಾರೆಂಬುದು ಶಶಿರೇಖಾಗೆ ನೆನಪಾಯಿತು. ಅವಳು ಅತ್ತೆಯ ಬೆನ್ನು ತಿಕ್ಕಿದಳು. ಆಮೇಲೆ, ಗಂಡನಿಗೂ ಹೇಳಬಾರದೆಂದು ನಿರ್ಧರಿಸಿ, ತನ್ನ ಜಡೆ ಬಿಚ್ಚಿ ಅತ್ತೆಯ ಪಕ್ಕ ಕೂತಳು.