ಹನ್ನೆರಡು ಮಹಡಿಯ ಸಾಹೇಬರು

ಅಂದು ಬೆಳಿಗ್ಗೆ ವಿಜಯಪುರದ ಮೇಲೆ ತೆಳುವಾದ ಮಂಜಿತ್ತು, ಗಾಳಿ ಸುಮ್ಮನಿತ್ತು. ಮೋಡಗಳನ್ನು ಹಗ್ಗ ಕಟ್ಟಿ ಎಳೆತರುವ ಕಂಪನಿಗೆ ಶಿವಲೀಲಾ ಸೇರಿ ಮೂರೇ ತಿಂಗಳು. ಏಳನೆಯ ಮೋಡದ ಹಗ್ಗ ಸವೆದಿದ್ದನ್ನು ಅವಳು ಕಂಡಿದ್ದಳು. ಮಧ್ಯಾಹ್ನ ಆ ಮೋಡ ಶಾಲೆಯ ಮೇಲೆ ಹಾಯಬೇಕಿತ್ತು; ಹಗ್ಗ ಹರಿದರೆ ನೀರೆಲ್ಲ ಒಮ್ಮೆಲೇ ಮಕ್ಕಳ ಮೇಲೆ.

ಕಿರಿಯರಿಗೂ ಸಿಗಲೆಂದು ಅಧ್ಯಕ್ಷ ಸಂಗನಬಸಪ್ಪನವರು ಹನ್ನೆರಡೂ ಮಹಡಿಗಳಲ್ಲಿ ಕೂತಿರುತ್ತಿದ್ದರು. ಹನ್ನೊಂದು ಪ್ರತಿರೂಪ, ಒಬ್ಬರು ನಿಜ. ಯಾವ ಬಾಗಿಲಿಗೂ ಚಿಲಕವಿಲ್ಲ. ಎಲ್ಲರೂ ನಗುತ್ತ "ನೋಡೋಣವಾ" ಎನ್ನುವವರೇ. ಮೋಡ ನಿಲ್ಲುವುದು ಮಾತ್ರ ನಿಜದವರ ಮಾತಿಗೆ.

ಶಿವಲೀಲಾ ಶಿವನ ಮೇಲೆ ಭಾರ ಹಾಕಿ ಮೆಟ್ಟಿಲು ಹತ್ತಿದಳು. ಪ್ರತಿ ಕೋಣೆಯಲ್ಲೂ ಒಂದೇ ಪ್ರಶ್ನೆ: "ನಾಷ್ಟಾ ಆತೇನ್ರಿ, ಸಾಹೇಬ್ರ?"

"ಆತವಾ" ಎಂದರು ಎಂಟು ಸಾಹೇಬರು. ಒಂಬತ್ತನೆಯವರು ಹೊಟ್ಟೆ ಸವರಿಕೊಂಡು, "ಎಲ್ಲೀದು ನಾಷ್ಟಾ? ಬುತ್ತಿ ಮನ್ಯಾಗ ಮರತ ಬಂದೇನಿ" ಎಂದರು.

"ಹಂಗಾರ ನೀವ ಖರೇ ಸಾಹೇಬ್ರು! ಪ್ರತಿರೂಪಕ್ಕ ಹಸಿವು ಎಲ್ಲೀದು? ಏಳನೇ ಮೋಡ ನಿಂದರಸ್ರಿ, ಹಗ್ಗ ಸವದೈತಿ."

ಅವರು ಫೋನೆತ್ತಿ ಮೋಡ ನಿಲ್ಲಿಸಿದರು. "ಮೊದಲ ಯಾಕ ಹೇಳಲಿಲ್ಲವಾ?"

"ಮೂರು ಅರ್ಜಿ ಕೊಟ್ಟೇನ್ರಿ. ನೀವ ನಕ್ಕೋತ ಇಸಗೊಂಡ್ರಿ."

ಸಾಹೇಬರು ಎದ್ದು ಹೋಗಿ, ಪ್ರತಿರೂಪಗಳ ಮೇಜುಗಳಿಂದ ಮೂರೂ ಅರ್ಜಿ ಹುಡುಕಿ ತಂದರು. ಒಂದೊಂದರ ಕೆಳಗೂ ಕೈಯಾರೆ ಉತ್ತರ ಬರೆದು ಅವಳಿಗೆ ಮರಳಿಸಿದರು.