ಗುಂಡಿಯ ನುಗ್ಗೆಮರ

ಬೀದಿಯ ಗುಂಡಿಗೆ ಬಿದ್ದು ಆಕೆಯ ಸ್ಕೂಟರಿನ ಮೂತಿ ನುಜ್ಜುಗುಜ್ಜಾಯಿತು. ಪರಿಹಾರ ಕೋರಿ ನಗರಸಭೆಗೆ ಅರ್ಜಿ ಕೊಟ್ಟಳು. ಇನ್ನೊಬ್ಬರು ಬೀಳದಿರಲೆಂದು ಗುಂಡಿಯಲ್ಲಿ ಒಂದು ನುಗ್ಗೆ ಕೊಂಬೆಯನ್ನೂ ನೆಟ್ಟಳು.

ಸ್ಥಳ ಪರಿಶೀಲನೆಗೆ ಇಂಜಿನಿಯರ್ ಬರುವಷ್ಟರಲ್ಲಿ ಕೊಂಬೆ ಚಿಗುರಿ, ಮರವಾಗಿ, ಕಾಯಿ ಬಿಟ್ಟಿತ್ತು.

"ಗುಂಡಿ ಎಲ್ಲಮ್ಮಾ?"

"ಆ ಮರದ ಬುಡದಲ್ಲೇ ಇದೆಯಲ್ಲ ಸಾರ್."

ಅವರು ಬಗ್ಗಿ ನೋಡಿದರು. "ಇದು ನಮ್ದಲ್ಲ. ನೀರಿನ ಪೈಪಿನೋರು ಅಗೆದಿದ್ದು. ಅವರನ್ನೇ ಕೇಳಿ."

"ರಸ್ತೆ ನಿಮ್ದೇ ತಾನೇ?"

"ರಸ್ತೆ ನಮ್ದು. ಗುಂಡಿ ಅವರ್ದು."

ಆಕೆಗೆ ನಗು ಬಂತು. "ಹೋಗ್ಲಿ ಬಿಡಿ. ಇಷ್ಟು ದೂರ ಬಂದಿದ್ದೀರಿ, ಸಾಂಬಾರಿಗೆ ನಾಲ್ಕು ಕಾಯಿ ಕಿತ್ತುಕೊಡ್ತೀನಿ. ನಮ್ಮನೇಲೂ ದಿನಾ ಇದೇ."

ಇಂಜಿನಿಯರ್ ತಲೆಯೆತ್ತಿ ಮರವನ್ನು ನೋಡಿದರು.

"ದಿನಾನಾ? ರಸ್ತೆ ಮೇಲಿನ ಮರ ನಗರಸಭೇದಮ್ಮಾ. ಇದುವರೆಗೂ ಕಿತ್ತ ಕಾಯಿಗೆಲ್ಲ ನೀವೇ ಪರಿಹಾರ ಕಟ್ಟಬೇಕಾಗುತ್ತೆ."